ಎಡಪುಟದವಳು

ಫೆಬ್ರವರಿ ೨, ಭಾನುವಾರ

ಲೆನ್ಸ್ ಕಂಪನಿಯವರು ನಮ್ಮ ಕನ್ನಡಕದ ಅಂಗಡಿಗೆ ಕೊಟ್ಟ ಡೈರಿಗಳಲ್ಲಿ ಒಂದು ಉಳಿದಿತ್ತು. "ತಗೊಂಡು ಹೋಗಿ, ಏನಾದ್ರೂ ಬರ್ಕೊಳ್ಳಿ" ಎಂದು ಅಂಗಡಿಯ ಯಜಮಾನರು ನನ್ನ ಕೈಗಿತ್ತರು. ಜನವರಿ ಪೂರ್ತಿ ಖಾಲಿ ಹೋಯಿತು. ಇವತ್ತು ಬರೆಯಲು ಕೂತದ್ದು ಬರೀ ಸಿಟ್ಟಿಗೆ. ಒಬ್ಬಳೇ ಇರುವವಳು ಸಿಟ್ಟನ್ನು ಎಲ್ಲಿಯಾದರೂ ಇಳಿಸಬೇಕಲ್ಲ.

ಎಂದಿನಂತೆ ಬೆಳಗ್ಗೆ ಅಕ್ಕನ ಮನೆಗೆ, ಅಂದರೆ ನಾವು ಹುಟ್ಟಿ ಬೆಳೆದ ಅಮ್ಮನ ಮನೆಗೇ, ಹೋದೆ. ಭಾನುವಾರ ಒಂದೇ ಪಿಯಾನೋ ಮುಂದೆ ಇಬ್ಬರೂ ಕೂತು ನಾಲ್ಕು ಕೈಯಲ್ಲಿ ನುಡಿಸುವುದು ಅಮ್ಮ ಇದ್ದಾಗಿನಿಂದ ನಡೆದುಬಂದದ್ದು. ಅಕ್ಕ ಬಲಗಡೆ, ನಾನು ಎಡಗಡೆ. ಅಮ್ಮ ಬಲಗಡೆಯನ್ನು ಮಹಡಿ ಅನ್ನುತ್ತಿದ್ದಳು, ಎಡಗಡೆಯನ್ನು ನೆಲಮನೆ. ಮಹಡಿಯವಳಿಗೆ ರಾಗ, ಗಾಳಿ, ಬೆಳಕು. ನೆಲಮನೆಯವಳಿಗೆ ಧಡ್-ಬಡ-ಬಡ. ಸಾಲದ್ದಕ್ಕೆ ಸ್ವರಗಳನ್ನು ಎಳೆದು ನಿಲ್ಲಿಸುವ ಪೆಡಲ್ ತುಳಿಯುವುದೂ ಎಡಗಡೆಯವಳ ಪಾಲಿಗೇ. ಪುಸ್ತಕವನ್ನೂ ಹಾಗೇ ಅಚ್ಚು ಮಾಡುತ್ತಾರೆ, ಎಡಪುಟದಲ್ಲಿ ನನ್ನ ಭಾಗ, ಬಲಪುಟದಲ್ಲಿ ಅವಳದ್ದು. ಅರುವತ್ತು ತುಂಬಿದ ಹೆಂಗಸು ನಾನು, ಆ ಪುಸ್ತಕಗಳ ಬಲಪುಟವನ್ನು ಒಂದು ಸಲವೂ ಓದಿಲ್ಲ.

ಶುರು ಮಾಡುವ ಮೊದಲು ಅಕ್ಕ ಮೂಗಿನಿಂದ ಸೊಂಯ್ ಎಂದು ಉಸಿರೆಳೆದುಕೊಳ್ಳುತ್ತಾಳೆ. ಅದೇ ನನಗೆ ಸೂಚನೆ. ಒಳಗಿನಿಂದ ಭಾವ "ನೆಗಡಿಗೆ ಏನಾದ್ರೂ ತಗೊಳ್ಳೇ" ಎನ್ನುತ್ತಾರೆ. ಮದುವೆಯಾದಾಗಿನಿಂದ ಅದೇ ಒಂದು ಜೋಕು, ಇನ್ನೊಂದು ಕಲಿತಿಲ್ಲ ಪುಣ್ಯಾತ್ಮ.

ಇವತ್ತು ಬ್ರಾಮ್ಸ್‌ನ ಮೂರೆಣಿಕೆಯ ಕುಣಿತದ ಮಧ್ಯದಲ್ಲಿ ಅಕ್ಕ ಥಟ್ಟನೆ ಕೈ ಎತ್ತಿದಳು.

"ಬಲತುದಿಯ ಮೇಲಿನ ಕೀಗಳು ಸತ್ತೇ ಹೋಗಿವೆ ಕಣೇ. ಸ್ವರ ಬರ್ತಾ ಇಲ್ಲ, ಬರೀ ಟಕ್ ಟಕ್. ಶ್ರುತಿ ಮಾಡೋನು ಎರಡು ಸಲ ಬಂದು ಹೋದ. ಏನು ಮಾಡಿದ್ನೋ ಅವನಿಗೇ ಗೊತ್ತು."

"ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ" ಎಂದೆ.

"ನಿಂಗೆ ಹೇಗೆ ಗೊತ್ತಾಗತ್ತೆ? ನೀನು ಯಾವಾಗ್ಲೂ ನೆಲದಲ್ಲೇ ಇರೋಳು."

ಅಮ್ಮ ಹೇಳಿದ್ದರೆ ಅದು ಮುದ್ದಿನ ಮಾತು. ಅಕ್ಕನ ಬಾಯಲ್ಲಿ ಹಾಗಿರಲಿಲ್ಲ. ಕಾಫಿ ಕುಡಿದು ಬಂದೆ.

ಫೆಬ್ರವರಿ ೪, ಮಂಗಳವಾರ

ಅಂಗಡಿಗೆ ಇವತ್ತು ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು, ಮಗಳ ಬಲವಂತಕ್ಕೆ. ಕಣ್ಣಿಗೆ ಏನೂ ಆಗಿಲ್ಲವಂತೆ. ಪೇಪರಿನವರು ಇಂಕು ಉಳಿಸುತ್ತಿದ್ದಾರಂತೆ, ಔಷಧಿ ಬಾಟಲಿಯ ಮೇಲೆ ಇರುವೆಗೆ ಓದಲಿಕ್ಕೆ ಅಂತ ಅಚ್ಚು ಹಾಕುತ್ತಾರಂತೆ, ಮನೆಯ ಬಲ್ಬುಗಳೂ ಮೊದಲಿನ ಹಾಗಿಲ್ಲವಂತೆ. ಜಗತ್ತಿನಲ್ಲಿ ಸರಿಯಾಗಿ ಉಳಿದಿರುವುದು ಅವರ ಕಣ್ಣೊಂದೇ. ನಾನು ಎದುರು ಮಾತಾಡಲಿಲ್ಲ. ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸುತ್ತಾ ಹೋದೆ. ಮೂರನೆಯದಕ್ಕೆ ಅವರ ಬಾಯಿ ಮುಚ್ಚಿತು. ಆಮೇಲೆ ಮಗಳ ಕಡೆ ತಿರುಗಿ "ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೇ?" ಎಂದರು.

ಇಂಥವರು ವಾರಕ್ಕೆ ನಾಲ್ಕು ಜನ ಬರುತ್ತಾರೆ. ಮನುಷ್ಯರು ಎಷ್ಟು ವಿಚಿತ್ರ.

ಫೆಬ್ರವರಿ ೯, ಭಾನುವಾರ

ಪಿಯಾನೋ ಹೋಗುತ್ತದಂತೆ.

ಶುಕ್ರವಾರ ಶ್ರುತಿ ಮಾಡುವವನು ಮೂರನೇ ಸಲ ಬಂದು, ತಂತಿಗೆ ಬಡಿಯುವ ಮೇಲಿನ ಸುತ್ತಿಗೆಗಳನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ಹೋಗಿದ್ದಾನೆ. ಅಕ್ಕನಿಗೆ ಸಮಾಧಾನವಿಲ್ಲ. ಅವಳು ಸಂಗೀತ ಕಲಿಸಿ ನಿವೃತ್ತಳಾದ ಶಾಲೆಯಲ್ಲಿ ಹೊಸ ಸಭಾಂಗಣ ಕಟ್ಟಿದ್ದಾರೆ, ಪಿಯಾನೋ ಕೇಳಿದ್ದಾರೆ. ತಗೊಂಡು ಹೋಗಿ ಎಂದು ಫೋನು ಮಾಡಿಯೇ ಬಿಟ್ಟಿದ್ದಾಳೆ. ಮಾರ್ಚ್ ಎಂಟಕ್ಕೆ ಬರುತ್ತಾರಂತೆ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಎಂದೆ.

"ಕೇಳಿದ್ರೆ ಬೇಡ ಅಂತಿದ್ದೆ. ಸತ್ತ ಪಿಯಾನೋ ಇಟ್ಕೊಂಡು ಏನು ಮಾಡ್ಲಿ? ಸಣ್ಣ ಮಕ್ಕಳಿಗಾದ್ರೆ ಮಧ್ಯದ್ದು ಸಾಕು."

ನನ್ನ ಎರಡು ಕೋಣೆಯ ಮನೆಗೆ ಅದನ್ನು ತರಲು ಆಗುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಒಂದು ಬೀರುವೇ ಸಿಕ್ಕಿಹಾಕಿಕೊಂಡಿತ್ತು. ಅದು ಹೋದರೆ ನನ್ನ ಭಾನುವಾರ ಹೋಯಿತು. ಅಕ್ಕನೂ ನಾನೂ ಎದುರು ಬದುರು ಕೂತು ಮಾತಾಡಿದವರಲ್ಲ, ಪಕ್ಕಪಕ್ಕ ಕೂತವರು. ಎದುರು ಕೂರಿಸಿದರೆ ಹತ್ತು ನಿಮಿಷಕ್ಕೆ ಜಗಳ ಬರುತ್ತದೆ.

ಆ ಬೆಂಚಿನ ಮೇಲೆ ಮೊದಲು ಕೂತಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಮ್ಮ ಪೆಡಲ್ ಮೇಲೆ ಒಂದು ಮರದ ತುಂಡನ್ನು ಹಗ್ಗದಿಂದ ಬಿಗಿದು ನನ್ನ ಕಾಲಿಗೆ ಎಟಕಿಸಿದ್ದಳು. ಹಗ್ಗ ಉಜ್ಜಿದ ಗುರುತು ಹಿತ್ತಾಳೆಯ ಮೇಲೆ ಇನ್ನೂ ಇದೆ. ಹಿಂದೆ ನಿಂತು ನಮ್ಮಿಬ್ಬರ ಭುಜದ ಮೇಲೆ ಒಂದೊಂದು ಕೈಯಿಟ್ಟು ತಾಳ ತಟ್ಟುತ್ತಿದ್ದಳು. ಅವಳಿಗೆ ಈ ದೊಡ್ಡ ದೊಡ್ಡ ಹೆಸರಿನ ಸಂಗೀತಗಾರರೆಲ್ಲ ಮನೆಯ ನೆಂಟರೇ. ಬಾಕ್ ಅಜ್ಜ. ಎರಡೂ ಕೈಗೆ ಸಮನಾಗಿ ಬಡಿಸುತ್ತಾನೆ, ಯಾವ ಕೈಯೂ ತಟ್ಟೆಯಲ್ಲಿ ಬಿಡುವ ಹಾಗಿಲ್ಲ. ಬೀಥೋವನ್ ದೊಡ್ಡಪ್ಪ, ಬಂದರೆ ಬಾಗಿಲು ಧಡಾರ್. ಮೊಜಾರ್ಟ್ ನಗುನಗುತ್ತಾ ಕಾಲೆಳೆಯುವ ಚಿಕ್ಕಪ್ಪ. ಶೋಪಾನ್ ಹೊಸ ಅಳಿಯ, ಸ್ವಲ್ಪ ಜೋರಾಗಿ ಮುಟ್ಟಿದರೂ ಮುನಿಸು, ಉಪಚಾರ ಮಾಡಿಕೊಂಡೇ ಇರಬೇಕು. ಅವನು ಇಬ್ಬರು ಕೂರುವ ಬೆಂಚಿಗೆ ಹೆಚ್ಚು ಬಂದವನೂ ಅಲ್ಲ, ಹಾಗಾಗಿ ಅವನೊಬ್ಬ ಅಕ್ಕನಿಗೆ ಮಾತ್ರ. ಶೂಬರ್ಟ್ ಸೋದರಮಾವ. ಇಬ್ಬರು ಮಕ್ಕಳಿಗೂ ಕೈತುಂಬ ತರುವವನು ಅವನೊಬ್ಬನೇ, ಅದಕ್ಕೇ ನನಗೆ ಎಲ್ಲರಿಗಿಂತ ಅವನ ಮೇಲೆ ಪ್ರೀತಿ.

ಅಮ್ಮ ಇದ್ದಿದ್ದರೆ ಅಕ್ಕನಿಗೆ ಹೀಗೆ ಮಾಡಲು ಬಿಡುತ್ತಿದ್ದಳೇ?

ಫೆಬ್ರವರಿ ೧೦, ಸೋಮವಾರ

ಬರೆಯುವ ಮನಸ್ಸಿಲ್ಲ.

ಫೆಬ್ರವರಿ ೧೨, ಬುಧವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿದ್ದಳು. ಪಿಯಾನೋ ಮುಚ್ಚಳ ತೆಗೆದು, ಏನನ್ನಿಸಿತೋ, ಅವಳ ಜಾಗದಲ್ಲಿ ಕೂತೆ. ಮಹಡಿಯಿಂದ ಕಿಟಕಿ ಕಾಣುತ್ತದೆ! ಇಷ್ಟು ವರ್ಷ ನನಗೆ ಕಂಡದ್ದು ಗೋಡೆ ಮತ್ತು ಕೋಟು ನೇತುಹಾಕುವ ಗೂಟ.

ಸತ್ತಿರುವುದನ್ನು ನೋಡೋಣ ಎಂದು ತುದಿಯ ಕೀಗಳನ್ನು ಒಂದೊಂದಾಗಿ ಒತ್ತಿದೆ. ಎಲ್ಲವೂ ಚೆನ್ನಾಗಿ ಕಿಣಿಕಿಣಿ ಎಂದವು. ನನಗೆ ಖುಷಿಯಾಗಿ ಹೋಯಿತು. "ಅಕ್ಕಾ, ಸರಿಯಾಗಿದೆ ಬಾರೇ! ಮೂರನೇ ಸಲಕ್ಕೆ ಸರಿಮಾಡಿದ್ದಾನೆ" ಎಂದು ಕೂಗಿದೆ.

ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಅದೇ ಕೀ ಒತ್ತಿದಳು. ಕಿಣ್.

"ನೋಡು. ಕಟ್ಟಿಗೆ" ಎಂದಳು.

ನಾನು ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಒಳಗೆ ಮೈಕ್ರೋವೇವ್ ಪೀಂ ಪೀಂ ಎಂದು ಕೂಗತೊಡಗಿತು. ಅಕ್ಕ ಅಲ್ಲಾಡಲಿಲ್ಲ. ಅದು ಕೂಗಿ ಕೂಗಿ ತಾನೇ ಸುಮ್ಮನಾಯಿತು. "ಈ ಹಾಲು ಬಿಸಿಯಾಗೋಕೆ ಎಷ್ಟು ಹೊತ್ತು" ಎಂದು ಗೊಣಗುತ್ತಾ ಎದ್ದುಹೋದಳು.

ಅಂಗಡಿಗೆ ವಾಪಸು ಬಂದು ಒಬ್ಬರಿಗೆ ಓದುವ ಕನ್ನಡಕದ ಬದಲು ದೂರದ್ದು ಕೊಟ್ಟೆ. ಯಜಮಾನರು ಬೈದರು.

ಫೆಬ್ರವರಿ ೧೩, ಗುರುವಾರ

ಶ್ರುತಿ ಮಾಡುವವನಿಗೆ ಫೋನು ಮಾಡಿದೆ. ಚಿಕ್ಕವನಿದ್ದಾಗ ಅಕ್ಕನ ಹತ್ತಿರ ಪಾಠಕ್ಕೆ ಬರುತ್ತಿದ್ದವನು, ಈಗಲೂ ಅವಳು ಮೇಡಂ, ನಾನು ಚಿಕ್ಕ ಮೇಡಂ.

"ಚಿಕ್ಕ ಮೇಡಂ, ಪಿಯಾನೋಗೆ ಏನೂ ಆಗಿಲ್ಲ. ಎರಡನೇ ಸಲ ಬಂದಾಗ್ಲೇ ನಂಗೆ ಗೊತ್ತಾಯ್ತು."

"ಮತ್ತೆ ಹೇಳೋಕೇನಾಗಿತ್ತು ನಿಂಗೆ ದಾಡಿ?"

"ಸ್ವರ ತಪ್ಪಿದ್ರೆ ನನ್ನ ಕಿವಿ ಹಿಂಡ್ತಿದ್ರು ಅವರು. ಈಗ ನಾನು ಹೋಗಿ, ಮೇಡಂ ನಿಮ್ಮ ಕಿವಿ ಸರಿಯಿಲ್ಲ ಅಂತ ಹೇಳ್ಲಾ? ನನ್ನಿಂದಾಗಲ್ಲಪ್ಪ. ನೀವೇ ಹೇಳ್ಬಿಡಿ."

ಸಂಜೆ ಭಾವನನ್ನು ಬೀದಿಯ ಮೂಲೆಯಲ್ಲಿ ಹಿಡಿದೆ. ಅವರಿಗೂ ಗೊತ್ತು! ಟೀವಿ ಸದ್ದು ಏರುತ್ತಾ ಬಂದದ್ದನ್ನು ನೋಡಿಯೇ ಗೊತ್ತಾಯಿತಂತೆ.

"ಹಾಗಾದ್ರೆ ಪಿಯಾನೋ ಕೊಡ್ತೀನಿ ಅಂದಾಗ ಯಾಕೆ ಬಾಯಿ ಬಿಡ್ಲಿಲ್ಲ ಭಾವ?"

"ನಾನು ಅದೇ ಮನೇಲಿ ಊಟ ಮಾಡ್ಬೇಕಮ್ಮಾ. ನೀನಾದ್ರೆ ಹೇಳ್ಬಿಟ್ಟು ನಿನ್ನ ಮನೆಗೆ ಓಡ್ಬಹುದು."

ಎಲ್ಲರೂ ಸೇರಿ ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹೇಳದಿದ್ದರೆ ಸರಿಯಿರುವ ಪಿಯಾನೋ ಹೋಗುತ್ತದೆ. ಹೇಳಿದರೆ ಅಕ್ಕ ಏನಾಗುತ್ತಾಳೋ. ಅವಳಿಗೆ ಕಿವಿಯೆಂದರೆ ಮಾನ. ಕುದಿಯುವ ನೀರಿನ ಶ್ರುತಿಯನ್ನೂ ಹೇಳುತ್ತಿದ್ದವಳು.

ಫೆಬ್ರವರಿ ೧೬, ಭಾನುವಾರ

ಹೇಳಲಾಗಲಿಲ್ಲ.

ಮೊಜಾರ್ಟ್ ತೆಗೆದಳು. ತನಗೆ ಕೇಳಲಿ ಎಂದು ಮೇಲಿನ ಸ್ವರಗಳನ್ನು ಸುತ್ತಿಗೆಯಲ್ಲಿ ಮೊಳೆ ಹೊಡೆದ ಹಾಗೆ ಹೊಡೆಯುತ್ತಾಳೆ. ಚಿಕ್ಕಪ್ಪನ ನಗು ಎಲ್ಲಿ, ಈ ಗಲಾಟೆ ಎಲ್ಲಿ. ಮೊದಲು ಅವಳು ಅದನ್ನೇ ನುಡಿಸಿದರೆ ಬೀದಿಯಲ್ಲಿ ಹೋಗುವವರು ಕಿಟಕಿಯ ಕೆಳಗೆ ನಿಲ್ಲುತ್ತಿದ್ದರು. ಒಬ್ಬ ಅಂಚೆಯವನು ನಿಂತು ಕೇಳುತ್ತಾ ಪಕ್ಕದ ಮನೆಯ ಟಪಾಲನ್ನೂ ನಮಗೇ ಹಾಕಿ ಹೋಗಿದ್ದ. ನನಗೆ ಆಗ ಒಂಬತ್ತೋ ಹತ್ತೋ. ನನ್ನ ಅಕ್ಕ ಎಂದು ಎಷ್ಟು ಜಂಭ ಪಟ್ಟಿದ್ದೆ.

ಇವತ್ತು ನುಡಿಸುತ್ತಾ ನುಡಿಸುತ್ತಾ ನನಗೆ ಎಣಿಕೆಯೇ ತಪ್ಪಿತು. "ಎಲ್ಲಿದೆಯೇ ಗಮನ?" ಎಂದು ಬೈದಳು. ಬೈಸಿಕೊಂಡೆ.

ಫೆಬ್ರವರಿ ೧೮, ಮಂಗಳವಾರ

ಮೇಷ್ಟ್ರು ಹೊಸ ಕನ್ನಡಕ ತೆಗೆದುಕೊಂಡು ಹೋದರು. ಪೇಪರಿನವರು ಇಂಕು ಜಾಸ್ತಿ ಮಾಡಿದ್ದಾರೆ ಎಂದು ಹೇಳಿ ತಾವೇ ನಕ್ಕರು.

ಅವರಿಗೆ ನಾನು ಕಣ್ಣು ಸರಿಯಿಲ್ಲ ಎಂದು ಒಂದು ಮಾತೂ ಹೇಳಿರಲಿಲ್ಲ. ಗಾಜು ಇಟ್ಟೆ, ಅಷ್ಟೆ. ಅಯ್ಯೋ, ಎರಡು ವಾರದಿಂದ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು?

ಫೆಬ್ರವರಿ ೨೩, ಭಾನುವಾರ

ಇವತ್ತಿನದನ್ನು ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

"ಅಕ್ಕಾ, ಯಾವ್ಯಾವುದು ಸತ್ತಿದೆ ಅಂತ ಒಂದ್ಸಲ ಸರಿಯಾಗಿ ನೋಡೋಣ. ಶಾಲೆಯವರಿಗೆ ಹೇಳ್ಬೇಕಲ್ಲ. ನೀನು ಆ ಕಡೆ ತಿರುಗಿ ಕೂತ್ಕೋ, ನಾನು ಒಂದೊಂದೇ ಒತ್ತಿಕೊಂಡು ಕೆಳಗೆ ಬರ್ತೀನಿ. ಸ್ವರ ಅಂತ ಕೇಳಿದ ತಕ್ಷಣ ಹೇಳು" ಎಂದೆ. ಪರೀಕ್ಷೆ ಎಂದರೆ ಮೇಡಂಗೆ ಯಾವತ್ತೂ ಉತ್ಸಾಹ. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಭಾವ ಬಾಗಿಲಲ್ಲಿ ಬಂದು ನಿಂತರು.

ನಾನು ಮೆಲ್ಲಗೆ ತುದಿಯಿಂದ ಒತ್ತಿದೆ. ಕಿಣ್. ಇನ್ನೊಂದು. ಇನ್ನೊಂದು. ಅಕ್ಕ ಕಾಯುತ್ತಾ ಕೂತಿದ್ದಳು. ನಾನು ಇಳಿಯುತ್ತಾ ಬಂದೆ. ಅವಳ ಬೆನ್ನು ಅಷ್ಟೇ ನೆಟ್ಟಗಿತ್ತು.

"ಶುರು ಮಾಡೇ, ಎಷ್ಟು ಹೊತ್ತು" ಎಂದಳು.

ನನ್ನ ಕೈ ನಿಂತಿತು. ಆಮೇಲೆ ಇನ್ನೂ ಕೆಳಗೆ ಬಂದೆ. ಒಂದು ಕಡೆ ಅವಳು ಕೈ ಎತ್ತಿ "ಹಾಂ, ಇದು ಬದುಕಿದೆ" ಎಂದು ತಿರುಗಿದಳು. ನನ್ನ ಬೆರಳು ಎಲ್ಲಿದೆ ಎಂದು ನೋಡಿದಳು. ಅದು ಅವಳು ಎಣಿಸಿದ್ದಕ್ಕಿಂತ ತುಂಬಾ ಎಡಕ್ಕೆ ಬಂದಿತ್ತು.

"ಎಲ್ಲಿಂದ ಶುರು ಮಾಡ್ದೆ?"

"ತುದಿಯಿಂದ."

"ನಿಂಗೆ ಕೇಳಿಸ್ತಾ?"

"ಹೂಂ."

ಬಾಗಿಲ ಕಡೆ ನೋಡಿದಳು. "ನಿಮಗೆ?"

ಭಾವ ತಲೆ ತಗ್ಗಿಸಿ "ಹೂಂ ಕಣೇ" ಎಂದರು.

ನಾನು, ನನ್ನ ಬಾಯಿಗೆ ಬೆಂಕಿ ಹಾಕ, "ದೊಡ್ಡಪ್ಪನಿಗೂ ಕಿವಿ ಹೋಗಿತ್ತಲ್ಲ, ಆದ್ರೂ ಎಷ್ಟೆಲ್ಲ..." ಎಂದೆ.

"ಬೀಥೋವನ್ ಹೆಸರು ಎತ್ತಿದ್ರೆ ನೋಡು! ಅವನಿಗೆ ತಲೆಯೊಳಗೆ ಇತ್ತು. ನಂಗೆ ಇರೋದು ಬೆರಳಲ್ಲಿ, ಕಿವೀಲಿ. ಪಿಯಾನೋ ಹೋಗ್ಲಿ. ಅದು ಸತ್ತಿದ್ರೆ ಸುಮ್ನೆ ಕೊಡ್ತಿದ್ದೆ. ಸರಿಯಿದೆ ಅಂದ್ಮೇಲೆ ಕಿವಿ ಕೇಳೋ ಮಕ್ಕಳಾದ್ರೂ ನುಡಿಸ್ಲಿ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೇಳಿದ್ದು ಪಿಯಾನೋ ಉಳಿಯಲಿ ಎಂದು. ಈಗ ಪಿಯಾನೋನೂ ಹೋಯಿತು, ಅಕ್ಕನೂ ಹೋದ ಹಾಗಾಯಿತು.

ಫೆಬ್ರವರಿ ೨೬, ಬುಧವಾರ

ಕಿವಿ ಡಾಕ್ಟರ ಹತ್ತಿರ ಮೂವರೂ ಹೋದೆವು. ವಯಸ್ಸಿನದ್ದು, ಮೇಲಿನ ಸದ್ದುಗಳು ಮೊದಲು ಹೋಗುತ್ತವೆ, ಕೆಳಗಿನವು ಚೆನ್ನಾಗಿವೆ ಎಂದರು. ಯಂತ್ರ ಕೊಟ್ಟಿದ್ದಾರೆ. ಮಾತಿಗೆ ಪರವಾಗಿಲ್ಲವಂತೆ. ಮನೆಗೆ ಬಂದು ಅಕ್ಕ ಒಂದು ಸ್ವರ ಒತ್ತಿ ನೋಡಿ "ತಗಡಿನ ತಟ್ಟೆ ಬಿದ್ದ ಹಾಗಿದೆ" ಎಂದು ಮುಚ್ಚಳ ಹಾಕಿದಳು. ಒಂದೇ ಸಮಾಧಾನ, ಟೀವಿ ಸದ್ದು ಇಳಿದಿದೆ. ಭಾವ ಈಗ ಅದು ತಮಗೆ ಕೇಳಿಸುವುದಿಲ್ಲ ಎನ್ನುತ್ತಾರೆ.

ಮಾರ್ಚ್ ೨, ಭಾನುವಾರ

ಅಕ್ಕ ಪಿಯಾನೋ ಹತ್ತಿರ ಬರಲೇ ಇಲ್ಲ. ಕಿವಿಗೆ ಯಂತ್ರ ಹಾಕಿಕೊಂಡು ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಾ ಕೂತಳು. ಇನ್ನೊಂದು ಭಾನುವಾರ ಇಲ್ಲ ಎಂಬ ಸಂಕಟಕ್ಕೆ ನಾನೊಬ್ಬಳೇ ಕೂತೆ. ಎಡಗಡೆ ಕೂತರೆ ಧಡ್-ಬಡ-ಬಡ ಮಾತ್ರ ಬರುತ್ತದೆ, ಅದನ್ನು ಒಂಟಿಯಾಗಿ ಎಷ್ಟು ಹೊತ್ತು ಕೇಳುವುದು. ಬಲಗಡೆ ಸರಿದೆ. ಸೋದರಮಾವನ ನಿಧಾನದ ತುಣುಕು ತೆಗೆದು, ಜೀವನದಲ್ಲಿ ಮೊದಲ ಸಲ ಬಲಪುಟ ಓದಿದೆ.

ದೇವರೇ, ಎಷ್ಟು ಕಷ್ಟ! ಶೂಬರ್ಟ್ ಸುಲಭ ಎಂದುಕೊಂಡಿದ್ದೆನಲ್ಲ, ಅದು ಎಡಪುಟದಿಂದ ನೋಡಿದ್ದು. ರಾಗವೆಲ್ಲ ಬಲಗೈಯ ಕಿರುಬೆರಳಲ್ಲೂ ಅದರ ಪಕ್ಕದ್ದರಲ್ಲೂ ಇದೆ. ಕೈಯಲ್ಲಿ ಅವೇ ಅತಿ ಸೋಮಾರಿಗಳು. ಹೆಬ್ಬೆರಳಿಗೆ ಕೆಲಸ ಕಡಿಮೆ, ಅದೇ ಮುಂದೆ ಬಿದ್ದು ಕೂಗುತ್ತದೆ. ನಿಧಾನದ ತುಣುಕಾದ್ದರಿಂದ ತಪ್ಪನ್ನು ಮುಚ್ಚಿಕೊಂಡು ಓಡಿಹೋಗಲೂ ಆಗುವುದಿಲ್ಲ. ಒಂದೊಂದು ಸ್ವರವೂ ನಿಂತು ನನ್ನ ಮುಖ ನೋಡುತ್ತದೆ.

ಮೂರನೇ ಸಾಲಿಗೆ ಬಂದಾಗ ಅಡುಗೆಮನೆಯಿಂದ ಕೂಗು, "ನಾಲ್ಕನೇ ಬೆರಳು!"

ಮತ್ತೆ ತಪ್ಪಿದೆ.

"ನಾಲ್ಕು, ನಾಲ್ಕು! ಐದನ್ನ ಯಾಕೆ ಕೊಲ್ತೀಯಾ?" ಚಾಕು ಕೈಯಲ್ಲೇ ಇತ್ತು, ಬಂದು ಪಕ್ಕದಲ್ಲಿ ನಿಂತಳು. ನಾನು ಸರಿಯಲಿಲ್ಲ. ಬೆಂಚಿನಲ್ಲಿ ಉಳಿದಿದ್ದ ಜಾಗ ಎಡಗಡೆಯದು. ಸ್ವಲ್ಪ ಹೊತ್ತು ನಿಂತಿದ್ದು, ಚಾಕು ಪಿಯಾನೋ ಮೇಲಿಟ್ಟು, ಕೂತಳು.

"ನೀನು ಕೆಳಗಿನದು ನುಡಿಸು" ಎಂದೆ.

"ನಂಗೆ ಬರಲ್ಲ."

"ನಂಗೆ ಮೇಲಿನದು ಬರತ್ತಾ?"

ಕೈ ಇಟ್ಟೆವು. ಕಾದೆವು. ಏನೂ ಆಗಲಿಲ್ಲ. ನಾನು ಅಕ್ಕನ ಮೂಗಿಗಾಗಿ ಕಾಯುತ್ತಿದ್ದೆ, ಅಕ್ಕ ನನ್ನ ಮೂಗಿಗಾಗಿ.

"ಉಸಿರು ತಗೋಬೇಕಾದೋಳು ನೀನು" ಎಂದಳು. "ಮಹಡಿಯವಳು ಹೇಳ್ದೆ ನೆಲದವಳು ಹೊರಡೋ ಹಾಗಿಲ್ಲ."

ಎಳೆದುಕೊಂಡೆ. ಗೊರಕೆಯಂತಾಯಿತು. ಶುರು ಮಾಡಿದರೆ ಎಲ್ಲ ಒಣಒಣ, ಒಂದಕ್ಕೊಂದು ಅಂಟುವುದಿಲ್ಲ. ಏನಪ್ಪಾ ಎಂದು ನೋಡಿದರೆ ಪೆಡಲ್ ಮೇಲೆ ಯಾರ ಕಾಲೂ ಇಲ್ಲ. ನಾನು ಕಾಲು ಚಾಚಿದರೆ ಎಟಕುತ್ತಿಲ್ಲ, ಅವಳಿಗೆ ಅದು ತನ್ನ ಕೆಲಸ ಎಂಬ ನೆನಪೇ ಇಲ್ಲ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಸಾಕು. ಈ ವಯಸ್ಸಲ್ಲಿ ಕೋತಿ ಕುಣಿತ ಬೇಡ" ಎಂದು ಎದ್ದಳು. ಚಾಕು ಅಲ್ಲೇ ಮರೆತುಹೋದಳು.

ಮಾರ್ಚ್ ೫, ಬುಧವಾರ

ಅಂಗಡಿಯ ಗಾಜಿನ ಕೌಂಟರ್ ಮೇಲೆ ನಾಲ್ಕನೇ ಬೆರಳು, ಐದನೇ ಬೆರಳು. ಗಿರಾಕಿ ಇಲ್ಲದಾಗ ಎರಡು ದಿನದಿಂದ ಇದೇ. ಯಜಮಾನರು ನೋಡಿ "ಕೈ ನಡುಗ್ತಾ ಇದೆಯಾ? ಡಾಕ್ಟರಿಗೆ ತೋರ್ಸಿ" ಎಂದರು.

ಒಂದು ಸಾಲು ಬಂದಿದೆ ಅನ್ನಿಸುತ್ತದೆ. ಗಾಜು ಸದ್ದು ಮಾಡುವುದಿಲ್ಲವಾದ್ದರಿಂದ ಖಚಿತವಿಲ್ಲ.

ಮಾರ್ಚ್ ೭, ಶುಕ್ರವಾರ

ನಾಳೆ ಒಯ್ಯುತ್ತಾರೆ.

ಅಂಗಡಿ ಮುಗಿಸಿ ನೇರ ಅಕ್ಕನ ಮನೆಗೆ ಹೋದೆ. ಭಾವ ಆಗಲೇ ಪಿಯಾನೋವನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದಿದ್ದರು. ಹಿಂದೆ ಗೋಡೆಯ ಮೇಲೆ ಅದರ ಆಕಾರದಲ್ಲೇ ಹಳೆಯ ಬಣ್ಣ ಉಳಿದಿತ್ತು, ಅಮ್ಮ ಇದ್ದಾಗಿನ ತಿಳಿಹಸಿರು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಂಗೆ ಒಂದು ಸಾಲು ಬರತ್ತೆ. ಒಂದೇ ಒಂದು. ಅದನ್ನ ಕೇಳಿಸ್ಕೊಂಡು ಕಳಿಸು. ನಾನು ಇನ್ನೇನೂ ಕೇಳಲ್ಲ."

ನನ್ನ ದನಿ ಹೇಗಿತ್ತೋ, ಅವಳು ಬಂದು ಕೂತಳು. ಎಡಗಡೆ. ಕಿವಿಯ ಯಂತ್ರ ತೆಗೆದು ಮೇಲಿಟ್ಟಳು. ಚಪ್ಪಲಿ ಬಿಟ್ಟು ಕಾಲನ್ನು ಪೆಡಲ್ ಮೇಲೆ ತಾನೇ ಇಟ್ಟಳು. ಒಂದು ಎರಡು ಮೂರು ಎಂದು ನಾನು ಬಾಯಲ್ಲೇ ಎಣಿಸಿದೆ, ಗೊರಕೆಯ ಗೊಡವೆಯೇ ಬೇಡವೆಂದು.

ಒಂದು ಸಾಲು ಆಯಿತು. ಎರಡನೆಯದೂ ಹೇಗೋ ಆಯಿತು. ನನ್ನ ಕಿರುಬೆರಳು ಹಾಡಿತೋ ಅತ್ತಿತೋ ನನಗೆ ಗೊತ್ತಿಲ್ಲ. ಮೂರನೆಯದರ ನಡುವೆ ಅಕ್ಕ ನಿಲ್ಲಿಸಿದಳು. ಮುಗಿಯಿತು, ಎದ್ದು ಹೋಗುತ್ತಾಳೆ ಎಂದುಕೊಂಡೆ.

ಅವಳು ಏಳಲಿಲ್ಲ. ಎಡಗೈಯಲ್ಲಿ ಕೆಳಗಿನ ನಾಲ್ಕು ಸ್ವರ ಒಂದರ ಹಿಂದೆ ಒಂದು ಇಳಿಸಿದಳು. ಮತ್ತೆ ಇಳಿಸಿದಳು.

"ಇದು ಯಾವಾಗಿಂದ ಇದೆ?"

"ಯಾವುದು?"

"ಇದೇ. ಈ ಇಳಿಯೋದು. ಮೇಲೆ ರಾಗ ನಿಂತಾಗ ಕೆಳಗೆ ಹೀಗೆ ಇಳ್ಕೊಂಡು ಹೋಗತ್ತಲ್ಲ."

"ಮೊದಲಿಂದ್ಲೂ ಇದೆ. ಅಲ್ಲೇ ಬರ್ದಿದೆ ನೋಡು. ನಾನು ನುಡಿಸ್ತಿದ್ದೆನಲ್ಲ."

"ಪ್ರತಿ ಸಲ?"

"ಮತ್ತೇನು, ನಾನು ಅಲ್ಲಿ ನಿದ್ದೆ ಮಾಡ್ತಿದ್ನಾ?"

ಅವಳು ಮತ್ತೆ ಇಳಿಸಿದಳು, ತುಂಬಾ ಮೆಲ್ಲಗೆ, ಪೆಡಲ್ ಹಿಡಿದು. ಆ ಸ್ವರಗಳು ಅಷ್ಟು ಚೆನ್ನಾಗಿವೆ ಎಂದು ನನಗೂ ಗೊತ್ತಿರಲಿಲ್ಲ. ಅಲ್ಲಿ ಕೂತಾಗ ಎಣಿಸುವುದರಲ್ಲೇ ಇರುತ್ತಿದ್ದೆ.

"ಕಿವಿ ಚೆನ್ನಾಗಿದ್ದಾಗ ಇದು ನಂಗೆ ಕೇಳಿಸೇ ಇಲ್ಲ ಕಣೇ" ಎಂದಳು. "ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ನುಡಿಸಿದೀಯ. ಒಂದ್ಸಲಾನೂ ಕೇಳಿಸ್ಕೊಂಡಿಲ್ಲ ನಾನು."

ಯಾಕೆ ಸುಳ್ಳು ಬರೆಯಲಿ, ನನಗೆ ಅಳು ಬಂತು. ಅವಳಿಗೂ ಬಂತು. ಭಾವ ಬಾಗಿಲ ತನಕ ಬಂದು, ನಮ್ಮಿಬ್ಬರನ್ನೂ ನೋಡಿ, ಸದ್ದಿಲ್ಲದೆ ವಾಪಸು ಹೋದರು. ಆಮೇಲೆ ಅದನ್ನೇ ಇನ್ನೊಂದು ಸಲ ನುಡಿಸಿದೆವು. ನಾಳೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ ೮, ಶನಿವಾರ

ಭಾವ ಅಂಗಡಿಗೆ ಫೋನು ಮಾಡಿದರು. ನಗು ತಡೆದುಕೊಂಡು ಪಿಸುಗುಟ್ಟುತ್ತಿದ್ದರು. ಶಾಲೆಯಿಂದ ಇಬ್ಬರು ಪಟ್ಟಿ ಹಗ್ಗ ಎಲ್ಲ ತೆಗೆದುಕೊಂಡು ವ್ಯಾನಿನಲ್ಲಿ ಬಂದಿದ್ದರಂತೆ. ಅಕ್ಕ ಅವರನ್ನು ಕೂರಿಸಿ, ಕಾಫಿ ಕೊಟ್ಟು, "ಈಗ ಆಗಲ್ಲಪ್ಪ. ಎಡಗಡೆಯದು ಈಗಷ್ಟೇ ಕಲಿಯೋಕೆ ಶುರು ಮಾಡಿದೀನಿ" ಎಂದಳಂತೆ. "ಯಾವಾಗ ಬರ್ಲಿ ಮೇಡಂ?" ಎಂದು ಕೇಳಿದರೆ, "ಕಲಿತಾದ್ಮೇಲೆ ಹೇಳ್ತೀನಿ. ಬಾಕ್ ಅಜ್ಜನಿಂದ ಹಿಡಿದು ಎಲ್ಲಾ ಬಾಕಿ ಇದೆ" ಎಂದು ಕಳಿಸಿದಳಂತೆ. ಹೋಗುವ ಮೊದಲು ಅವರ ಕೈಯಿಂದಲೇ ಪಿಯಾನೋವನ್ನು ಮತ್ತೆ ಗೋಡೆಗೆ ತಳ್ಳಿಸಿದ್ದಾಳೆ.

ಕೌಂಟರಿನ ಹಿಂದೆ ಕೂತು ಕಣ್ಣೊರೆಸಿಕೊಂಡೆ. ಯಜಮಾನರು ಈ ಸಲ ಏನೂ ಕೇಳಲಿಲ್ಲ, ಒಂದು ಲೆನ್ಸ್ ಒರೆಸುವ ಬಟ್ಟೆ ಕೊಟ್ಟರು.

ಮಾರ್ಚ್ ೨೩, ಭಾನುವಾರ

ಅಕ್ಕನ ಜೊತೆ ಏಗುವುದು ಸಾಕಾಗಿದೆ. ಪೆಡಲ್ ಮೇಲೆ ಕಾಲಿಟ್ಟರೆ ತೆಗೆಯುವುದೇ ಇಲ್ಲ, ಎಲ್ಲ ಕಲಸಿ ಗಂಜಿಯಾಗುತ್ತದೆ. ತನ್ನ ಇಳಿಯುವ ಸ್ವರ ಬಂತೆಂದರೆ ಸಂಭ್ರಮ ತಡೆಯದೆ ನನ್ನ ರಾಗವನ್ನು ಮುಳುಗಿಸುತ್ತಾಳೆ. "ಸ್ವಲ್ಪ ಮೆಲ್ಲಗೆ ಅಕ್ಕಾ, ನೆಲಮನೆ ಅಷ್ಟು ಜೋರಾಗಿದ್ರೆ ಮೇಲಿರೋರು ಬದುಕೋದು ಹೇಗೆ?" ಎಂದೆ. "ಅಬ್ಬಾ, ಜಂಭ ನೋಡು" ಎಂದಳು. ಎಡಗಡೆಯಿಂದ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ದೂರು ಬೇರೆ. ಕೋಟಿನ ಗೂಟಕ್ಕೆ ಒಂದು ಚಿತ್ರ ತೂಗುಹಾಕಿಕೊಂಡಿದ್ದಾಳೆ.

ನನ್ನ ನಾಲ್ಕನೇ ಬೆರಳು ಇನ್ನೂ ಸೋಮಾರಿಯೇ. ಮೊಜಾರ್ಟ್ ಮುಟ್ಟಲು ಧೈರ್ಯವಿಲ್ಲ. ಮುಂದಿನ ವಾರ ಬ್ರಾಮ್ಸ್‌ನ ಕುಣಿತ ತೆಗೆಯೋಣ ಎಂದು ನಾನೇ ಹೇಳಿದೆ. ಅಕ್ಕ ಸರಿ ಎಂದಳು.

ಇವತ್ತು ಸೋದರಮಾವನದು ಮೊದಲಿನಿಂದ ಕೊನೆಯ ತನಕ ಎಲ್ಲೂ ನಿಲ್ಲದೆ ಹೋಯಿತು. ಶುರು ಹೇಗೆ ಮಾಡಿದೆವೋ ಗಮನವೇ ಇರಲಿಲ್ಲ, ಎಣಿಸಲೂ ಇಲ್ಲ. ಕೈ ಇಟ್ಟೆ, ಇಬ್ಬರೂ ಒಟ್ಟಿಗೇ ಹೊರಟೆವು, ಅಷ್ಟೆ. ಒಳಗಿನಿಂದ ಭಾವ "ಈಗ ತಂಗಿಗೂ ಹತ್ತಿತಾ ನೆಗಡಿ? ಏನಾದ್ರೂ ತಗೊಳ್ಳಮ್ಮಾ" ಎಂದು ಕೂಗಿದರು. ಅಕ್ಕ ನುಡಿಸುತ್ತಲೇ ಮೈ ಕುಲುಕಿಸಿಕೊಂಡು ನಗುತ್ತಿದ್ದಳು, ಯಾಕೆಂದು ಕೇಳಿದರೆ ಹೇಳಲಿಲ್ಲ.

ನನಗೆ ನೆಗಡಿ ಇಲ್ಲ, ಏನೂ ಇಲ್ಲ. ಭಾವನ ಕಿವಿಯನ್ನೂ ಒಮ್ಮೆ ತೋರಿಸಬೇಕು.